ರಾಜಾ ಮಾರ್ಕೆಟ್‌ನಲ್ಲಿ ಸಿಕ್ಕ ಅಕ್ಕನಿಗೆ

ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ನಲ್ಲಿ ನನಗೆ ಕ್ರೋಶಾ (ಒಂದೇ ಕೊಕ್ಕೆಕಡ್ಡಿಯ ನೂಲಿನ ಹೆಣಿಗೆ) ಹೇಳಿಕೊಟ್ಟ ಅಕ್ಕ, ಹೆಸರು ಕೇಳುವಷ್ಟರಲ್ಲಿ ನೀವು ಜನಜಂಗುಳಿಯಲ್ಲಿ ಮರೆಯಾಗಿದ್ದಿರಿ. ಕಲಿಯುವವರಿಗೆ ಜಾರುವ ರೇಷ್ಮೆ ದಾರ ಬೇಡ, ತಿಳಿಬಣ್ಣದ ಮಧ್ಯಮ ದಪ್ಪದ ನೂಲು, 4 ಮಿ.ಮೀ. ಕಡ್ಡಿ ಸಾಕು ಎಂದಿರಿ. ವೃತ್ತದ ಲೆಕ್ಕವನ್ನಂತೂ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ! ಮೊದಲ ಸುತ್ತಿಗೆ 6 ಕುಣಿಕೆ, ಆಮೇಲೆ 12, ಆಮೇಲೆ 18. ಪ್ರತಿ ಸುತ್ತಿನಲ್ಲೂ ಆರಾರು ಏರಿಸಿದರೆ ಚಪ್ಪಟೆಯಾಗಿ ಹರಡುತ್ತದೆ, ನಿಲ್ಲಿಸಿದರೆ ಬಟ್ಟಲಿನಂತೆ ಮೇಲೇಳುತ್ತದೆ. ಸುತ್ತು ಶುರುವಾದಲ್ಲಿ ಗುರುತಿಗೆಂದು ನಿಮ್ಮ ಸೆರಗಿನ ಪಿನ್ನನ್ನೇ ತೆಗೆದು ಸಿಕ್ಕಿಸಿದಿರಿ. ಅಪರಿಚಿತಳಿಗಾಗಿ ಅಷ್ಟು ಹೊತ್ತು ನಿಂತವರು ನೀವು! ವಿಡಿಯೊಗಳಲ್ಲಿ ಕೈಗೆಟುಕದ್ದು ನೀವು ನನ್ನ ಬೆರಳು ಹಿಡಿದು ತಿರುಗಿಸಿದಾಗ ತಿಳಿಯಿತು. ಹೃತ್ಪೂರ್ವಕ ಧನ್ಯವಾದಗಳು. ಅಮ್ಮನಿಗೆ ಚಳಿಗಾಲದ ಟೋಪಿ ಹೆಣೆಯುತ್ತಿದ್ದೇನೆ. ಮುಂದೆ ಎರಡು ಕಡ್ಡಿಯ ನಿಟ್ಟಿಂಗ್ ಕಲಿಯುವ ಆಸೆಯಿದೆ.