ಎಣಿಸಿದವರಿಗೆ, ಕಾಯಿಸಿದವರಿಗೆ

ಭಾನುವಾರ ಮಂಡ್ಯ ಹತ್ತಿರದ ನಮ್ಮೂರ ಗಣೇಶನ ಹಬ್ಬದ ಕಬಡ್ಡಿಯಲ್ಲಿ ನಾನು ಮತ್ತೆ ರೈಡ್‌ಗೆ ಹೋದೆ. ಹೋದ ವರ್ಷ ಇದೇ ಟೂರ್ನಿಯಲ್ಲಿ ನನ್ನ ಎಡಗಾಲಿನ ಮಂಡಿ ಹೋಗಿತ್ತು. ಅವತ್ತು ಯಾರೂ ಹಿಡಿದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಬೋನಸ್ ಲೈನ್ ಹತ್ತಿರ ಗಕ್ಕನೆ ತಿರುಗಿದೆ. ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ಮೈ ತಿರುಗಿತು, ಒಳಗೆ ಟಪ್ ಅಂತ ಸದ್ದಾಯಿತು. ಮಂಡಿಯೊಳಗೆ ತೊಡೆಮೂಳೆ, ಕಾಲುಮೂಳೆ ಎರಡನ್ನೂ ಹಿಡಿದಿಡುವ ಹಗ್ಗದಂಥ ಎಸಿಎಲ್ ಪೂರ್ತಿ ಹರಿದಿತ್ತು. ಅಕ್ಟೋಬರ್‌ನಲ್ಲಿ ಆಪರೇಷನ್ ಆಯಿತು. ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ತೆಗೆದು ಹೊಸ ಎಸಿಎಲ್ ಕೂರಿಸಿದರು.

ಮೊದಲ ವಂದನೆ ನಮ್ಮ ಫಿಸಿಯೋ ಅಕ್ಕನಿಗೆ. ಊತ ಇಳಿದು, ಕುಂಟದೆ ನಡೆಯುವ ಹೊತ್ತಿಗೆ ನನಗೆ ಓಡುವ ಆತುರ. ಅಕ್ಕ ಮಾತ್ರ "ಮೊದಲು ಎಡಗಾಲಲ್ಲಿ ನಿಲ್ಲು" ಅಂದರು. ನಿಂತೆ. "ಈಗ ಕಣ್ಣು ಮುಚ್ಚು" ಅಂದರು. 4 ಸೆಕೆಂಡ್ ಆಗಿರಲಿಲ್ಲ, ಗೋಡೆ ಹಿಡಿದಿದ್ದೆ. ಬಲಗಾಲಲ್ಲಿ 30 ಸೆಕೆಂಡ್ ಆರಾಮಾಗಿ ನಿಂತವಳು ನಾನೇ. ಅವತ್ತು ತುಂಬಾ ಅತ್ತೆ.

ಅಕ್ಕ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಎಸಿಎಲ್ ಬರೀ ಹಗ್ಗ ಅಲ್ಲ. ಮಂಡಿ ಎಷ್ಟು ಬಾಗಿದೆ, ಎತ್ತ ವಾಲುತ್ತಿದೆ ಅಂತ ಮೆದುಳಿಗೆ ಸುದ್ದಿ ಕಳಿಸುವ ನರದ ತುದಿಗಳು ಅದರಲ್ಲಿರುತ್ತವೆ. ಅದು ಹರಿದರೆ ಸುದ್ದಿಯೂ ಕಮ್ಮಿಯಾಗುತ್ತದೆ. ಹೊಸದು ಕೂರಿಸಿದ ತಕ್ಷಣ ಮೊದಲಿನ ಹಾಗೆ ಬರುವುದಿಲ್ಲ. ತೊಡೆ, ಸೊಂಟ, ಪಾದದ ಕೀಲು ಎಲ್ಲವೂ ಸೇರಿ ಆ ಕೆಲಸ ಮತ್ತೆ ಕಲಿಯಬೇಕು. ಮೆತ್ತಗಿನ, ಅಲುಗಾಡುವ ಜಾಗದಲ್ಲಿ ನಿಂತರೆ ಕಾಲು ಕ್ಷಣಕ್ಷಣಕ್ಕೂ ವಾಲುತ್ತದೆ, ಕ್ಷಣಕ್ಷಣಕ್ಕೂ ಸರಿಮಾಡಿಕೊಳ್ಳುತ್ತದೆ. ಆ ಸರಿಮಾಡಿಕೊಳ್ಳುವುದೇ ಪಾಠ.

ಗಟ್ಟಿ ನೆಲದ ಮೇಲೆ ಅಲುಗದೆ ನಿಲ್ಲುವುದು ಬಂದ ಮೇಲೆ ಫೋಮ್. ಮನೆಯಲ್ಲಿ ಫೋಮ್ ಎಲ್ಲಿಂದ ತರೋದು? ಅಕ್ಕನನ್ನು ಕೇಳಿಯೇ ರಗ್ಗು ಮಡಿಸಿ ಅಡುಗೆಮನೆ ಬಾಗಿಲಲ್ಲಿ ಹಾಕಿಕೊಂಡೆ. ವಾಲಿದರೆ ಹಿಡಿಯೋಕೆ ಎರಡೂ ಕಡೆ ಬಾಗಿಲುವಾಡ ಇತ್ತು. ಜನವರಿ, ಅವರೆಕಾಯಿ ಕಾಲ. ಅಮ್ಮ ನೆನೆಸಿದ ಕಾಳು ಹಿತಕುತ್ತಾ ಎದುರಿಗೆ ಕೂರೋಳು. ಒಂದು ಕಾಳಿಗೆ ಒಂದು ಎಣಿಕೆ. ನಾನು ಕಣ್ಣು ಮುಚ್ಚಿ, ಬೇಳೆ ಪಾತ್ರೆಗೆ ಬೀಳುವ ಸದ್ದು ಕೇಳುತ್ತಾ ನಿಲ್ಲುತ್ತಿದ್ದೆ. ಮೊದಲ ದಿನ 9 ಕಾಳು. ಸಂಕ್ರಾಂತಿ ಕಳೆದು ಎರಡು ವಾರಕ್ಕೆ 40. ಮಧ್ಯೆ ಮಧ್ಯೆ "ಮಂಡಿ ಒಳಕ್ಕೆ ಹೋಯ್ತಾ ಅದೆ ಕಣವ್ವ, ಬೆರಳ ನೇರಕ್ಕೆ ತಗೋ" ಅನ್ನೋಳು. ಫಿಸಿಯೋ ಹೇಳುತ್ತಿದ್ದುದೂ ಅದನ್ನೇ.

ಆಮೇಲೆ ವಾಬಲ್ ಬೋರ್ಡ್ ಅನ್ನುವ ಎತ್ತ ಬೇಕಾದರೂ ವಾಲುವ ಹಲಗೆ, ಅರ್ಧ ಚೆಂಡಿನ ಹಾಗಿರುವ ಬೋಸು. ಅದರ ಮೇಲೆ ಒಂಟಿಕಾಲಲ್ಲಿ ನಿಂತಿರುವಾಗ ಅಕ್ಕ ಚೆಂಡು ಎಸೆಯೋರು, ನಾನು ಹಿಡಿಯಬೇಕು. ಕಣ್ಣು, ಮನಸ್ಸು ಚೆಂಡಿನ ಕಡೆ ಇದ್ದಾಗ ಕಾಲು ತಾನಾಗಿ ಸಂಭಾಳಿಸಬೇಕು. ರೈಡ್ ಮಾಡುವಾಗ ಯಾರೂ ತಮ್ಮ ಕಾಲು ನೋಡಿಕೊಂಡು ಆಡಲ್ಲ, ಅಲ್ವಾ?

ನನ್ನ ಹಾಗೆ ಮಂಡಿ ಕಟ್ಟಿಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಹಲಗೆ ಒಂದರಿಂದಲೇ ಏನೂ ಆಗಲ್ಲ. ಸ್ಕ್ವಾಟ್, ಲೆಗ್ ಪ್ರೆಸ್, ತೊಡೆಗೆ ಶಕ್ತಿ ತುಂಬುವ ಕಸರತ್ತು ಅದಕ್ಕಿಂತ ಜಾಸ್ತಿ ಹೊತ್ತು ಮಾಡಿದ್ದೇನೆ. ವಿಡಿಯೋ ನೋಡಿ ಸುಮ್ನೆ ಹಲಗೆ ಹತ್ತಬೇಡಿ, ನಿಮ್ಮ ಫಿಸಿಯೋ ಹೇಳಿದ ಮೇಲೆ ಹತ್ತಿ.

ಕೋಚ್ ಸರ್, ಆಪರೇಷನ್ ಆದ ಏಳನೇ ತಿಂಗಳಲ್ಲಿ ಕಾಲೇಜು ಪಂದ್ಯಕ್ಕೆ ಬಿಡಲಿಲ್ಲ ಅಂತ ನಿಮ್ಮ ಹತ್ತಿರ ಎರಡು ವಾರ ಮಾತು ಬಿಟ್ಟಿದ್ದೆ. ಕ್ಷಮಿಸಿ. 9 ತಿಂಗಳು ತುಂಬಬೇಕು, ಒಂಟಿಕಾಲಿನ ಜಿಗಿತದಲ್ಲಿ ಎಡಗಾಲು ಬಲಗಾಲಿನ ಶೇ. 90 ಆದರೂ ಮುಟ್ಟಬೇಕು ಅಂತ ಹಟ ಹಿಡಿದಿರಿ. ಆ ಹಟಕ್ಕೆ ನಾನು ಋಣಿ. ವಾಕರ್ ಹಿಡಿದಿದ್ದಾಗ ನೋಟ್ಸ್ ಬರೆದುಕೊಟ್ಟ, ಬಸ್ಸಲ್ಲಿ ಸೀಟು ಹಿಡಿದ ತಂಡದ ಹುಡುಗಿಯರಿಗೂ.

ಭಾನುವಾರ ಮೂರನೇ ರೈಡ್. ಅದೇ ಬೋನಸ್ ಲೈನ್, ಅದೇ ಎಡಗಾಲು. ಎದುರು ತಂಡದ ಕಾರ್ನರ್‌ನವಳು ನುಗ್ಗಿದಳು, ತಿರುಗಿದೆ. ಕಾಲು ಒಂದಿಷ್ಟು ವಾಲಿತು, ತಾನೇ ಸರಿಯಾಯಿತು. ನನಗೆ ಗೊತ್ತಾಗಿದ್ದು ವಾಪಸ್ ನಡುಗೆರೆ ಮುಟ್ಟಿದ ಮೇಲೆ. ಹಗ್ಗದಾಚೆ ಅಮ್ಮ ನಿಂತಿದ್ದಳು, ತುಟಿ ಅಲ್ಲಾಡುತ್ತಿತ್ತು. ರೈಡಿಗೆ ಇರುವುದು 30 ಸೆಕೆಂಡ್. ಆಟ ಮುಗಿದು ಹತ್ತಿರ ಹೋದಾಗ ಸೆರಗಿನಲ್ಲಿ ನನ್ನ ಮುಖ ಒರೆಸಿ, "ಇಪ್ಪತ್ತೆರಡು ಎಣಿಸಿದ್ದೆ ಕಣವ್ವ, ಅಷ್ಟೊತ್ತಿಗೆ ಬಂದ್ಬುಟ್ಟೆ" ಅಂದಳು.