ಹದಿನೈದು ಆಂಪಿಯರ್‌ನಲ್ಲಿ ಅಕ್ಕನ ಮನೆ

ಗೆಳೆಯಾ,

ನಿನ್ನ ಪ್ರವಾಸದ ಎಕ್ಸೆಲ್ ಶೀಟು ನೋಡಿದೆ. 11 ಕಾಲಂ, 4 ಬಣ್ಣ! ಇದರ ಕಾಲು ಭಾಗ ಶ್ರದ್ಧೆ ಥರ್ಮೊಡೈನಮಿಕ್ಸ್ ಪರೀಕ್ಷೆಗೆ ತೋರಿಸಿದ್ದರೆ ಹಸಿರು ಬಕೆಟ್ಟಿನ ಪ್ರಸಂಗವೇ ನಡೆಯುತ್ತಿರಲಿಲ್ಲ ಕಣೋ. (ಉಳಿದವರು ಕ್ಷಮಿಸಿ, ಅದನ್ನು ಬಿಡಿಸಿ ಹೇಳುವುದಿಲ್ಲ ಎಂದು ಇವನಿಗೆ ಮಾತು ಕೊಟ್ಟಿದ್ದೇನೆ.) ನೀನು ಗುಟ್ಟಾಗಿ ಕೇಳಿದ್ದಕ್ಕೆ ಹೀಗೆ ಎಲ್ಲರೆದುರು ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಊರಿಂದ ಅಪ್ಪ ಅಮ್ಮ ಬಂದಾಗ ಆರ್‌ವಿ (ಹಾಸಿಗೆ, ಅಡಿಗೆಮನೆ, ಪಾಯಿಖಾನೆ ಎಲ್ಲ ಇರುವ ಗಾಡಿ) ಬಾಡಿಗೆ ಹಿಡಿದು ಅಮೆರಿಕ ತೋರಿಸುವ ಆಸೆ ಇರುವವರು ನೀನೊಬ್ಬನೇ ಅಲ್ಲ.

ನಿನ್ನ ಪ್ರಶ್ನೆ ಒಂದೇ ಸಾಲಿನದು: ಫೀನಿಕ್ಸ್‌ನಲ್ಲಿ ಅಕ್ಕನ ಮನೆಯ ಡ್ರೈವ್‌ವೇನಲ್ಲಿ ಗಾಡಿ ನಿಲ್ಲಿಸಿ, ಗ್ಯಾರೇಜಿನ ಪ್ಲಗ್ಗಿಗೆ ಸಿಕ್ಕಿಸಿ, ರಾತ್ರಿಯಿಡೀ ಎ.ಸಿ. ಓಡಿಸಬಹುದಾ? ಅದಕ್ಕೆ ಬರುತ್ತೇನೆ. ಮೊದಲು ನೀನು ಕೇಳದೆ ಬಿಟ್ಟದ್ದು.

30 ಅಡಿಯದು ಬೇಡ, 25 ಅಡಿಯ ಕ್ಲಾಸ್ ಸಿ (ವ್ಯಾನಿನ ಮುಂಭಾಗ ಇಟ್ಟುಕೊಂಡು ಕಟ್ಟಿದ ಆರ್‌ವಿ) ಹಿಡಿ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ 30 ಅಡಿ ದಾಟಿದರೆ ಜಾಗವಿಲ್ಲ, ಮತ್ತು ಅಲ್ಲಿ ಕರೆಂಟು, ನೀರಿನ ಕನೆಕ್ಷನ್ ಏನೂ ಇಲ್ಲ. ಕನೆಕ್ಷನ್ ಬೇಕೆಂದರೆ ಪಕ್ಕದ ಟ್ರೈಲರ್ ವಿಲೇಜ್. ಉದ್ದ ಗಾಡಿಯ ಅಸಲಿ ತೊಂದರೆ ಅದರ ಬಾಲ. ಹಿಂದಿನ ಚಕ್ರದಾಚೆ ಚಾಚಿಕೊಂಡ ಭಾಗ ನೀನು ಬಲಕ್ಕೆ ತಿರುಗಿಸಿದಾಗ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಹಳದಿ ಕಂಬಗಳ ಮೇಲಿನ ಗೀರುಗಳೆಲ್ಲ ಹೀಗೆ ಆದವು. ಪಂಪ್ ಬಿಟ್ಟು ಹೊರಡುವಾಗ ಮೊದಲು ನೇರ ಮುಂದೆ ಹೋಗು, ಹಿಂಭಾಗ ಕಂಬ ದಾಟಿದ ಮೇಲೆ ಸ್ಟೀರಿಂಗ್ ಮುಟ್ಟು. ಗಾಡಿಯ ಎತ್ತರವನ್ನು ಚಾವಣಿಯ ಎ.ಸಿ. ಸೇರಿಸಿ ಅಡಿ-ಇಂಚಿನಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸು. ನೀನು ಝಯಾನ್ ನ್ಯಾಷನಲ್ ಪಾರ್ಕ್ ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಅಲ್ಲಿನ 1930ರ ಸುರಂಗ 11 ಅಡಿ 4 ಇಂಚು ಎತ್ತರ ಅಥವಾ 7 ಅಡಿ 10 ಇಂಚು ಅಗಲ ಮೀರಿದ ಗಾಡಿಗಾಗಿ ಕೊರೆದದ್ದಲ್ಲ. ಬಾಡಿಗೆಗೆ ಸಿಗುವ ಕ್ಲಾಸ್ ಸಿ ಹೆಚ್ಚಾಗಿ ಅಗಲದಲ್ಲೇ ಸೋಲುತ್ತದೆ.

ಡಲ್ಲಾಸ್‌ನಿಂದ ಆಲ್ಬುಕರ್ಕಿಯ ಚಿಕ್ಕಪ್ಪನ ಮನೆಗೆ ಒಂದೇ ದಿನ ಹಾಕಿದ್ದೀಯ. ಅದು ಸುಮಾರು 650 ಮೈಲಿ, ಮಾರಾಯ! ಗೂಗಲ್ ಹೇಳುವ ಸಮಯ ನಿನ್ನ ಕಾರಿನದು. ಆರ್‌ವಿ ಜನರ ಲೆಕ್ಕ 330 ಮೈಲಿ ಅಥವಾ ಮಧ್ಯಾಹ್ನ 3.30, ಯಾವುದು ಮೊದಲೋ ಅಲ್ಲಿಗೆ ಆ ದಿನ ಮುಗಿಯಿತು. ಅಮರಿಲೊ ಕಡೆಯ ಬಯಲಿನಲ್ಲಿ ಪಕ್ಕದಿಂದ ಹೊಡೆಯುವ ಗಾಳಿಗೆ ಈ ಡಬ್ಬಿ ಹಾಯಿದೋಣಿಯಂತೆ ವಾಲುತ್ತದೆ. ವೇಗ 60ರ ಕೆಳಗೆ ಇಳಿಸು, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಮೈಲೇಜು ಗ್ಯಾಲನ್‌ಗೆ 8ರಿಂದ 10 ಎಂದುಕೋ. ಜನರೇಟರ್ ಕೂಡ ಅದೇ ಟ್ಯಾಂಕಿನಿಂದ ಕುಡಿಯುತ್ತದೆ, ಕಾಲು ಟ್ಯಾಂಕಿಗೆ ಬಂದಾಗ ತಾನೇ ನಿಲ್ಲುತ್ತದೆ. ಕೆಟ್ಟಿತು ಎಂದು ಹೆದರಬೇಡ, ಕಾಡಿನ ಮಧ್ಯೆ ನಿನಗೆ ವಾಪಸ್ ಬರಲು ಇಂಧನ ಉಳಿಯಲಿ ಎಂದು ಹಾಗೆ ಮಾಡಿರುತ್ತಾರೆ.

ಈಗ ಟ್ಯಾಂಕಿನ ಮಾತು. ಯಾರೂ ಮುಖ ಕಿವಿಚಬೇಡಿ. ಬ್ಲ್ಯಾಕ್ ಟ್ಯಾಂಕಿನ, ಅಂದರೆ ಪಾಯಿಖಾನೆಯ ಟ್ಯಾಂಕಿನ, ವಾಲ್ವ್ ಯಾವಾಗಲೂ ಮುಚ್ಚಿರಬೇಕು, ಪೈಪು ಹಾಕಿಕೊಂಡು ಕ್ಯಾಂಪ್‌ಗ್ರೌಂಡಿನಲ್ಲಿ ನಿಂತಿದ್ದರೂ. ತೆರೆದಿಟ್ಟರೆ ನೀರು ಹರಿದುಹೋಗಿ, ಹೋಗಬೇಕಾದದ್ದು ಮಾತ್ರ ಗುಡ್ಡೆ ಕಟ್ಟಿ ಒಣಗುತ್ತದೆ. ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡು, ಆ ರಭಸವೇ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ (ಸ್ನಾನದ, ಪಾತ್ರೆ ತೊಳೆದ ನೀರಿನ ಟ್ಯಾಂಕು). ಸಾಬೂನಿನ ನೀರು ಕೊನೆಗೆ ಬಂದು ಪೈಪನ್ನು ತೊಳೆದುಕೊಡುತ್ತದೆ. ಕುಡಿಯುವ ನೀರಿನ ಬಿಳಿ ಪೈಪು ಬೇರೆ, ಡಂಪ್ (ಟ್ಯಾಂಕು ಖಾಲಿ ಮಾಡುವ ಜಾಗ) ತೊಳೆಯುವ ಪೈಪು ಬೇರೆ, ಎರಡನ್ನೂ ಒಂದೇ ಗೂಡಿನಲ್ಲಿ ತುರುಕಬೇಡ. ಪಾರ್ಕುಗಳಲ್ಲಿ ನೀರಿನ ಒತ್ತಡ ಜಾಸ್ತಿ ಇರುವುದುಂಟು, ನಲ್ಲಿಗೆ ಮೊದಲು ಪ್ರೆಷರ್ ರೆಗ್ಯುಲೇಟರ್ ತಿರುಗಿಸು. 40-50 ಪಿಎಸ್‌ಐ ಸಾಕು.

ಒಂದು ಸಂತೋಷದ ಸುದ್ದಿ: ಅಪ್ಪ ಅಮ್ಮನಿಗೆ ಚೊಂಬು ಬೇಕು, ಏನು ಮಾಡಲಿ ಎಂದು ಸಂಕೋಚದಿಂದ ಕೇಳಿದ್ದೀಯಲ್ಲ, ಚೊಂಬೇ ಸರಿ. ಬ್ಲ್ಯಾಕ್ ಟ್ಯಾಂಕ್ ಕಟ್ಟಿಕೊಳ್ಳುವುದು ಕಾಗದದಿಂದ ಮತ್ತು ನೀರಿನ ಕೊರತೆಯಿಂದ. ಪ್ರತಿ ಸಲ ಎರಡು ಚೊಂಬು ನೀರು ಹೋದರೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. 30-40 ಗ್ಯಾಲನ್ ಟ್ಯಾಂಕು ಬೇಗ ತುಂಬುತ್ತದೆ, ನಾಲ್ವರಿಗೆ ಎರಡು-ಮೂರು ದಿನಕ್ಕೊಮ್ಮೆ ಖಾಲಿ ಮಾಡುವ ಲೆಕ್ಕ ಇಟ್ಟುಕೋ. ಗ್ರೇ ಟ್ಯಾಂಕಿನ ಶತ್ರು ಮಾತ್ರ ನಮ್ಮ ಅಡಿಗೆ. ತುಪ್ಪ, ಒಗ್ಗರಣೆಯ ಎಣ್ಣೆ ರಾತ್ರಿಯ ಚಳಿಗೆ ಪೈಪಿನಲ್ಲೇ ಹೆಪ್ಪುಗಟ್ಟುತ್ತವೆ. ತಟ್ಟೆ, ಬಾಣಲೆ ಮೊದಲು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಒಗ್ಗರಣೆಗೆ ಮೊದಲು ಚಾವಣಿಯ ಫ್ಯಾನ್ ಹಾಕಿ ಒಂದು ಕಿಟಕಿ ತೆರೆಯದಿದ್ದರೆ ಸ್ಮೋಕ್ ಅಲಾರಂ ಇಡೀ ಕ್ಯಾಂಪಿಗೆ ನಿಮ್ಮ ಸಾರಿನ ಹೊತ್ತು ತಿಳಿಸುತ್ತದೆ. ನೆಲದ ಹತ್ತಿರ ಇನ್ನೊಂದು ಅಲಾರಂ ಇರುತ್ತದೆ, ಅದು ಪ್ರೊಪೇನಿನದು. ಆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಅದು ಕೂಗಿದರೆ ಒಗ್ಗರಣೆ ಎಂದು ನಗಬೇಡ. ಸ್ವಿಚ್ಚು ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಸಿಲಿಂಡರ್ ವಾಲ್ವನ್ನು ಹೊರಗಿನಿಂದ ಮುಚ್ಚು.

ಫ್ಲಾಗ್‌ಸ್ಟಾಫ್‌ನಿಂದ ಐ-17 ಹೆದ್ದಾರಿಯಲ್ಲಿ ಫೀನಿಕ್ಸ್‌ಗೆ ಇಳಿಯುವುದೆಂದರೆ ಸುಮಾರು 7,000 ಅಡಿಯಿಂದ 1,100 ಅಡಿಗೆ. ಉದ್ದುದ್ದ ಇಳಿಜಾರುಗಳಿವೆ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅದು ಕಾದು, ಬೇಕಾದಾಗ ಹಿಡಿಯುವುದಿಲ್ಲ. ತುದಿಯಲ್ಲೇ ಟೋ-ಹಾಲ್ ಬಟನ್ (ಇಳಿಜಾರಿನಲ್ಲಿ ಎಂಜಿನ್ನೇ ವೇಗ ಹಿಡಿಯುವಂತೆ ಮಾಡುವುದು) ಒತ್ತು, ಗೇರ್ ಇಳಿಸು, ಎಂಜಿನ್ ಕೂಗಲಿ ಬಿಡು. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ 5-10 ಮೈಲಿ ಇಳಿಸಿ ಪೂರ್ತಿ ಬಿಟ್ಟುಬಿಡು. ಟೈರ್ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡು. ಮಧ್ಯಾಹ್ನ ಬಿಸಿಗೆ ಏರಿದ ಅಂಕಿ ನೋಡಿ ಗಾಳಿ ಬಿಟ್ಟವನು ಮರುದಿನ ಟೈರ್ ಸಿಡಿಸಿಕೊಳ್ಳುತ್ತಾನೆ.

ಬಂತು ಅಕ್ಕನ ಮನೆ. ನೆಂಟರ ಅಂಗಳದಲ್ಲಿ ಗಾಡಿ ನಿಲ್ಲಿಸಿ ತಂಗುವುದಕ್ಕೆ ಇಲ್ಲಿನವರು ಮೂಚ್‌ಡಾಕಿಂಗ್ ಎನ್ನುತ್ತಾರೆ. ಬಿಟ್ಟಿ ಲಂಗರು ಎನ್ನೋಣ. ಹೋಗುವ ಮೊದಲು ಅಕ್ಕನಿಂದ ನಾಲ್ಕು ವಿಷಯ ತರಿಸಿಕೋ. ಅವರ ಬಡಾವಣೆಯ ಮನೆಮಾಲೀಕರ ಸಂಘ (ಎಚ್‌ಒಎ) ಆರ್‌ವಿ ನಿಲ್ಲಿಸಲು ಬಿಡುತ್ತದೆಯೇ, ಎಷ್ಟು ಗಂಟೆ? ಹಲವು ಕಡೆ ಒಂದೆರಡು ದಿನ ಮೀರಿದರೆ ದಂಡದ ಚೀಟಿ ಬರುವುದು ನಿನಗಲ್ಲ, ಅಕ್ಕನಿಗೆ. ಮೇಲೆ ತಂತಿ, ಕೊಂಬೆ ಇದೆಯೇ? ರಸ್ತೆಯಿಂದ ಡ್ರೈವ್‌ವೇ ಏರುವ ಜಾಗದಲ್ಲಿ ಗುಂಡಿ ಎಷ್ಟು, ಹಿಂಬದಿ ನೆಲಕ್ಕೆ ಉಜ್ಜುತ್ತದೆಯೇ? ಇಳಿಜಾರು ಎಷ್ಟು? ಹಳೆಯ ಮಾದರಿಯ ಅಬ್ಸಾರ್ಪ್ಶನ್ ಫ್ರಿಜ್ ಇದ್ದರೆ ಗಾಡಿ ಮಟ್ಟಸವಾಗಿ ನಿಲ್ಲಲೇಬೇಕು. ಅದರೊಳಗಿನ ಅಮೋನಿಯಾ ದ್ರವ ತನ್ನ ಭಾರಕ್ಕೆ ತಾನೇ ಇಳಿದು ಸುತ್ತುವಂಥದ್ದು, ಓರೆ ಆದರೆ ಸುತ್ತು ನಿಂತು ಫ್ರಿಜ್ಜೇ ಹಾಳು. ಪಾತ್ರೆ ತೊಳೆದ ನೀರನ್ನು ರಸ್ತೆಯ ಮಳೆನೀರಿನ ಚರಂಡಿಗೆ ಬಿಡಬೇಡ, ಅದು ಕಾನೂನಿಗೆ ವಿರುದ್ಧ. ಟ್ಯಾಂಕುಗಳನ್ನು ಖಾಲಿ ಮಾಡಿಕೊಂಡೇ ಅಕ್ಕನ ಬೀದಿಗೆ ಹೋಗು.

ಇನ್ನು ಕರೆಂಟು. ನಿನ್ನ ಗಾಡಿ ಕೇಳುವುದು 30 ಆಂಪಿಯರ್, 120 ವೋಲ್ಟ್, ಅಂದರೆ 3,600 ವಾಟ್. ಗ್ಯಾರೇಜಿನ ಪ್ಲಗ್ಗು ಕೊಡುವುದು 15 ಆಂಪಿಯರ್, 1,800 ವಾಟ್. ಗಂಟೆಗಟ್ಟಲೆ ಎಳೆಯುವ ಹೊರೆಗೆ ಅದರ ಶೇ. 80ರಷ್ಟೇ ಲೆಕ್ಕ, 12 ಆಂಪಿಯರ್. 13,500 ಬಿಟಿಯು ಎ.ಸಿ. ಓಡುವಾಗಲೇ 12-13 ಎಳೆಯುತ್ತದೆ, ಸೆಕೆ ಏರಿದಂತೆ ಇನ್ನೂ ಹೆಚ್ಚು. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಸಾಫ್ಟ್ ಸ್ಟಾರ್ಟರ್ ಆ ಮೊದಲ ಏಟನ್ನಷ್ಟೇ ತಗ್ಗಿಸುತ್ತದೆ, ಓಡುವ ಹೊರೆಯನ್ನಲ್ಲ. ಬಾಡಿಗೆ ಗಾಡಿಗೆ ಅದನ್ನು ಕೂರಿಸಲೂ ಬಿಡರು. ಜೊತೆಗೆ ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ತನ್ನ ಪಾಲು ಕೇಳುತ್ತದೆ. ತೆಳು ತಂತಿಯ ಕಿತ್ತಳೆ ಎಕ್ಸ್‌ಟೆನ್ಶನ್ ಹಾಕಿದರೆ ತಂತಿ ಕಾಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. 105 ವೋಲ್ಟಿನ ಕೆಳಗೆ ಓಡಿಸಿದರೆ ಕಂಪ್ರೆಸರ್ ಸುಟ್ಟುಕೊಳ್ಳುತ್ತದೆ. ಅಕ್ಕನ ಗ್ಯಾರೇಜಿನಲ್ಲಿ ಎರಡನೇ ಫ್ರಿಜ್ ಇಲ್ಲದಿರಲು ಸಾಧ್ಯವೇ ಇಲ್ಲ. ಅದೂ ಇದೇ ಲೈನಿನಲ್ಲಿದ್ದರೆ ರಾತ್ರಿ ಒಂದಕ್ಕೆ ಬ್ರೇಕರ್ ಬಿದ್ದು, ಬೆಳಿಗ್ಗೆ ನೋಡಿದರೆ ವರ್ಷಕ್ಕಾಗುವಷ್ಟು ತೆಂಗಿನತುರಿ ನೀರಾಗಿರುತ್ತದೆ. ಬಟ್ಟೆ ಒಣಗಿಸುವ ಯಂತ್ರದ ದೊಡ್ಡ ಪ್ಲಗ್ಗಿನತ್ತ ಕಣ್ಣು ಹಾಯಿಸಲೇಬೇಡ. ಅದು 240 ವೋಲ್ಟ್, ಯಾರಾದರೂ ಅಡಾಪ್ಟರ್ ಕಟ್ಟಿಕೊಟ್ಟರೆ ಒಂದೇ ಕ್ಷಣದಲ್ಲಿ ಮೈಕ್ರೊವೇವಿನಿಂದ ಹಿಡಿದು ಎಲ್ಲ ಬೂದಿ. ಜನರೇಟರ್? ರಾತ್ರಿಯಿಡೀ ನೆರೆಯವರ ಕಿಟಕಿಯ ಕೆಳಗೆ ಆ ಸದ್ದು, ಮಲಗಿದವರ ಹತ್ತಿರ ಕಾರ್ಬನ್ ಮೊನಾಕ್ಸೈಡು. ಬೇಡ. ಇಷ್ಟೆಲ್ಲ ಸರಿಹೋದರೂ ಅಲ್ಲಿನ ಸೆಕೆಗೆ ಚಾವಣಿ ಎ.ಸಿ. ಏಗುವುದು ಕಷ್ಟ, ಜುಲೈ ಫೀನಿಕ್ಸ್‌ನಲ್ಲಿ 110 ಫ್ಯಾರನ್‌ಹೀಟ್ ದಾಟುವುದು ಸುದ್ದಿಯೇ ಅಲ್ಲ.

ಹಾಗಾಗಿ ಉತ್ತರ: ಆಗುವುದಿಲ್ಲ. ಒಳಗೆ ಹೋಗಿ ಅಕ್ಕನ ಮನೆಯಲ್ಲಿ ಮಲಗು.

ಇಷ್ಟು ಆಂಪಿಯರ್ ಕೂಡಿ ಕಳೆದ ಮೇಲೆ ಈ ಕೊನೆಯ ಸಾಲು ನನಗೆ ಹೊಳೆದದ್ದು, ನೋಡು. ನಿನಗಂತೂ ಹೊಳೆದೇ ಇಲ್ಲ. ಬೈಯೋಣ ಎಂದು ನಿನ್ನ ಶೀಟು ಮತ್ತೆ ತೆರೆದೆ. ಸೌತ್ ರಿಮ್‌ಗೆ ಮೂರು ರಾತ್ರಿ, ಚಿಕ್ಕಪ್ಪನಿಗೆ ಒಂದು, ಅಕ್ಕನಿಗೆ ಒಂದು. ಅಕ್ಕ ಚಿಕ್ಕಪ್ಪ ಇಬ್ಬರೂ ಇರುವ ಕಾಲಂನ ಹೆಸರು 'ನೀರು/ಕರೆಂಟ್/ಡಂಪ್'. ಎಂಥ ಮನುಷ್ಯ ಇವನು ಎಂದುಕೊಳ್ಳುವಷ್ಟರಲ್ಲಿ ನೆನಪಾಯಿತು, ಆ ಶೀಟು ನಿನಗೆ ಕೊಟ್ಟವನು ನಾನೇ. ಕಾಲಂಗೆ ಹೆಸರಿಟ್ಟವನೂ ನಾನೇ.

'ನಮ್ಮ ಹಾಸಿಗೆ ನಾವೇ ತಂದಿದ್ದೇವೆ, ನಿಮಗೆ ತೊಂದರೆ ಬೇಡ' ಅನ್ನುವುದು ಎಷ್ಟು ಮರ್ಯಾದಸ್ಥ ಮಾತು ಎಂದುಕೊಂಡಿದ್ದೆ! ಈ ಗಾಡಿಗಳ ವಿಷಯ ಇಷ್ಟು ಹಚ್ಚಿಕೊಂಡು ಕಲಿತದ್ದು ಪ್ರಕೃತಿಪ್ರೇಮದಿಂದ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಲಾ? 'ಇನ್ನೊಂದು ದಿನ ಇರೋ' ಅಂದಾಗ ಗಾಡಿ ಇದ್ದವನಿಗೆ ಉತ್ತರ ಸಿದ್ಧವಿರುತ್ತದೆ: ಮುಂದೆ ಬುಕಿಂಗ್ ಇದೆ. ರಾತ್ರಿ ಹನ್ನೊಂದರ ಮೇಲೆ, ಎಲ್ಲರೂ ಮಲಗಿದ ಮೇಲೆ, ಅಡಿಗೆಮನೆಯಲ್ಲಿ ನಿಂತು ಅಕ್ಕ ತಗ್ಗಿದ ದನಿಯಲ್ಲಿ ಏನೋ ಶುರುಮಾಡುವ ಹೊತ್ತಿಗೆ ಗಾಡಿಯವನು ಗುಡ್‌ನೈಟ್ ಹೇಳಿ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಿರುತ್ತಾನೆ. ಆ ಮಾತು ಕೇಳಿಸಿಕೊಳ್ಳುವ ತ್ರಾಣ ನನಗಿಲ್ಲ ಕಣೋ. ಅದಕ್ಕೇ ನನಗೆ ಚಕ್ರ ಇರುವ ಮನೆ ಇಷ್ಟ. ನಿನ್ನ ಅಮ್ಮ ಏಳು ಸಮುದ್ರ ದಾಟಿ ಬರುತ್ತಿರುವುದು ಆ ಹನ್ನೊಂದು ಗಂಟೆಗೆ ಇರಬಹುದು, ಕ್ಯಾನ್ಯನ್‌ಗೆ ಅಲ್ಲದೆಯೂ ಇರಬಹುದು.

ಸಾಕು. ವಾಟ್ ಲೆಕ್ಕ ಬರೆಯಲು ಕೂತವನು ಹರಿಕಥೆ ಶುರುಮಾಡಿದೆ. ವಾಲ್ವ್ ಮುಚ್ಚಿಡಬೇಕು ಎಂದು ಮೇಲೆ ನಾನೇ ಬರೆದಿದ್ದೇನಲ್ಲ, ಮುಕ್ಕಾಲು ತುಂಬಿದಾಗ ಒಮ್ಮೆಲೇ ಬಿಡಬೇಕು ಅಂತಲೂ. ಹಾಗೆ ಆಯಿತು ಎಂದುಕೋ, ಕೈಗವಸು ಹಾಕಿಕೊಂಡು ಓದು.

ಆದರೂ 30ರಿಂದ 15ಕ್ಕೆ ಇಳಿಸುವ ಡಾಗ್‌ಬೋನ್ ಅಡಾಪ್ಟರ್ ಒಂದು ತಗೋ, 10 ಗೇಜಿನ, ಅಂದರೆ ದಪ್ಪನೆಯ, 25 ಅಡಿ ತಂತಿಯನ್ನೂ. ನೀವು ಒಳಗೆ ಮಲಗಿದ್ದಾಗ ಬ್ಯಾಟರಿ ಚಾರ್ಜ್ ಆಗುತ್ತಿರಲಿ, ಅದಕ್ಕೆ 15 ಆಂಪಿಯರ್ ಧಾರಾಳ. ಸಿಕ್ಕಿಸುವ ಮೊದಲು ಗಾಡಿಯ ಎ.ಸಿ. ಬ್ರೇಕರ್ ಆಫ್ ಮಾಡು, ಅಪ್ಪ ಆ ಬಟನ್ ಒತ್ತದೆ ಬಿಡುವವರಲ್ಲ. ಶೀಟಿನಲ್ಲಿ ಅಕ್ಕನ ಸಾಲಿಗೆ ಇನ್ನೆರಡು ರಾತ್ರಿ ಸೇರಿಸಿದ್ದೇನೆ. ಗಾಡಿಗೆ ದಿನದ ಬಾಡಿಗೆ ದಂಡ ಅನ್ನಿಸಿದರೆ ನನ್ನನ್ನು ಬೈಯಿ, ಅವಳಿಗೆ ಹೇಳಬೇಡ.

ಬಕೆಟ್ ತರಬೇಡ. ಯಾವ ಬಣ್ಣದ್ದೂ.

ಇಂತಿ ನಿನ್ನ,
ಕಾಲಂ ಬರೆದವನು