ತಾತನ ಎರಡು ಸೀಟು

ಎಲ್ಲರಿಗೂ ನಮಸ್ಕಾರ. ಇದನ್ನು 2024ರ ಡಿಸೆಂಬರ್‌ನಲ್ಲೇ ಬರೆಯಬೇಕಿತ್ತು. ಕೂತಾಗಲೆಲ್ಲ ಎರಡು ಸಾಲು ಬರೆದು ಎದ್ದುಬಿಡುತ್ತಿದ್ದೆ. ಈ ಸೋಮವಾರದಿಂದ ನಮ್ಮನೆಯವರು ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದಾರೆ. ಮನೆಯಲ್ಲಿ ಒಬ್ಬಳೇ ಇದ್ದೇನೆ. ಇವತ್ತು ಬರೆದೇ ಏಳುತ್ತೇನೆ.

ನವೆಂಬರ್‌ನಲ್ಲಿ ನಮ್ಮನೆಯವರು ಆಸ್ಪತ್ರೆ ಸೇರಿ ಸಾವಿನ ಬಾಗಿಲಿಂದ ವಾಪಸ್ ಬಂದರು. ಏನಾಯಿತು, ಯಾವ ಡಾಕ್ಟರು ಏನು ಹೇಳಿದರು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳಲ್ಲ. ಇಲ್ಲಿ ಅಮೆರಿಕದಲ್ಲಿ ಇಂಡಿಯಾನಾಪೊಲಿಸ್‌ನಿಂದ ಒಂದು ಗಂಟೆ ಕಾರು ಓಡಿಸಿಕೊಂಡು ಬಂದು ಸಾರು, ಪಲ್ಯ ಬಾಗಿಲಲ್ಲಿಟ್ಟು, ಡಬ್ಬಿ ಕೂಡ ವಾಪಸ್ ಕೇಳದೆ ಹೋದ ಕನ್ನಡದ ಗೆಳೆಯರು, ಮಗನನ್ನು ಸ್ಕೂಲಿಗೆ ಬಿಟ್ಟು ಕರೆತಂದ ಅವನ ಗೆಳೆಯರ ಅಮ್ಮಂದಿರು, ರಾತ್ರಿ ಪಾಳಿಯ ನರ್ಸ್‌ಗಳು, ಹಾಸನದಲ್ಲಿ ಕೂತು ನನ್ನ ಹೊತ್ತಿಗೆ ತಮ್ಮ ನಿದ್ದೆ ಹೊಂದಿಸಿಕೊಂಡ ಅತ್ತೆ ಮತ್ತು ನಾದಿನಿ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಇನ್ನು ಎದುರುಮನೆ ತಾತನ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಾವಿರುವ ಬ್ಲೂಮಿಂಗ್ಟನ್ ಇಂಡಿಯಾನಾ ಯೂನಿವರ್ಸಿಟಿಯ ಊರು. ಇಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಫುಟ್‌ಬಾಲ್, ಅಂದರೆ ಹೆಲ್ಮೆಟ್ ಹಾಕಿಕೊಂಡು ಚೆಂಡು ಕಂಕುಳಲ್ಲಿ ಅವಚಿಕೊಂಡು ನುಗ್ಗುತ್ತಾರಲ್ಲ ಆ ಫುಟ್‌ಬಾಲ್, ಸೋಲಿಗೇ ಹೆಸರಾಗಿತ್ತು. ಯೂನಿವರ್ಸಿಟಿಯ ತಂಡ ಶುರುವಾದಾಗಿನಿಂದ 700ಕ್ಕೂ ಜಾಸ್ತಿ ಸೋಲು. 2023ರಲ್ಲಿ ಆಡಿದ್ದು 12, ಗೆದ್ದಿದ್ದು 3. ಒಂದು ಸೀಸನ್‌ನಲ್ಲಿ ಹತ್ತು ಗೆಲುವು ಈ ತಂಡ ಯಾವತ್ತೂ ಕಂಡಿರಲಿಲ್ಲ.

ಇಂಥ ತಂಡದ ಮ್ಯಾಚ್ ನೋಡಲು ತಾತ 1979ರಿಂದ ಹೋಗುತ್ತಿದ್ದಾರೆ. ಆಗ ಅವರು ಇಲ್ಲೇ ಓದುತ್ತಿದ್ದರು. ಆಮೇಲೆ ಮದುವೆಯಾಯಿತು, ಒಂದು ಸೀಟು ಎರಡಾಯಿತು. ಅಜ್ಜಿ ತೀರಿಕೊಂಡು ಆರು ವರ್ಷ. ಆದರೂ ಪ್ರತಿ ವರ್ಷ ಎರಡೂ ಸೀಟಿಗೆ ದುಡ್ಡು ಕಟ್ಟುತ್ತಾರೆ. ಪಕ್ಕದ ಸೀಟಿನಲ್ಲಿ ತಮ್ಮ ಜಾಕೆಟ್ ಇಡುತ್ತಿದ್ದರಂತೆ. 2024ರ ಆಗಸ್ಟ್‌ನಲ್ಲಿ ಅದರಲ್ಲಿ ನಮ್ಮ ಹನ್ನೊಂದು ವರ್ಷದ ಮಗನನ್ನು ಕೂರಿಸಿಕೊಂಡರು. ಇವನು ಅವರನ್ನು ತಾತ ಅಂತ ಕರೆಯುತ್ತಾನೆ. ಆ ಮಾತಿನ ಅರ್ಥ ಕೇಳಿ ತಿಳಿದುಕೊಂಡ ಮೇಲೆ, ನನಗೆ ಕಳಿಸುವ ಮೆಸೇಜ್‌ಗಳ ಕೊನೆಯಲ್ಲೂ ಅವರು ತಾತ ಅಂತಲೇ ಹಾಕುತ್ತಾರೆ.

ಆ ವರ್ಷ ಹೊಸ ಕೋಚ್ ಬಂದಿದ್ದರು. ಕರ್ಟ್ ಸಿಗ್ನೆಟ್ಟಿ, 63 ವರ್ಷ. ಅಲಬಾಮಾದಂಥ ದೊಡ್ಡ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದವರು, 2011ರಲ್ಲಿ ಅದನ್ನು ಬಿಟ್ಟು ಪೆನ್ಸಿಲ್ವೇನಿಯಾದ ಒಂದು ಸಣ್ಣ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದರು. ಹಿಂದೆ ಅವರ ಅಪ್ಪ ಕೋಚ್ ಆಗಿದ್ದ ತಂಡ ಅದು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವರು. ಇಲ್ಲಿಗೆ ಬಂದ ಹೊಸದರಲ್ಲಿ ಯಾರೋ ಪ್ರಶ್ನೆ ಕೇಳಿದಾಗ, "ನಾನು ಗೆಲ್ತೀನಿ, ಗೂಗಲ್ ಮಾಡಿ ನೋಡಿ" ಅಂದುಬಿಟ್ಟರು. ತಾತ ಅದನ್ನು ನಂಬಲಿಲ್ಲ. ಆದರೆ ಟಿಕೆಟ್ ಎರಡು ತೆಗೆದುಕೊಂಡರು.

ಆಮೇಲೆ ನಡೆದಿದ್ದನ್ನು ಊರೆಲ್ಲ ಕಣ್ಣರಳಿಸಿ ನೋಡಿತು. ಹಿಂದಿನ ಕಾಲೇಜಿನಿಂದ ಕೋಚ್ ಜೊತೆ ಬಂದ ಹುಡುಗರು, ಕೆನಡಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕರ್ಟಿಸ್ ರೂರ್ಕ್, ಮೊದಲಿಂದ ಇಲ್ಲೇ ಇದ್ದವರು, ಎಲ್ಲ ಸೇರಿ ಒಂದೊಂದೇ ಮ್ಯಾಚ್ ಗೆಲ್ಲುತ್ತಾ ಹೋದರು. ಅಕ್ಟೋಬರ್ 19ರಂದು ನೆಬ್ರಾಸ್ಕಾವನ್ನು 56-7ರಿಂದ ಹೊಡೆದರು. ಆ ದಿನವೇ ರೂರ್ಕ್ ಹೆಬ್ಬೆರಳಿಗೆ ಏಟು ಬಿತ್ತು, ಆಪರೇಷನ್ ಆಯಿತು. ಮುಂದಿನ ಶನಿವಾರ ವಾಷಿಂಗ್ಟನ್ ವಿರುದ್ಧ ಇದೇ ರಾಜ್ಯದ ಹುಡುಗ ಟೇವನ್ ಜ್ಯಾಕ್ಸನ್ ಆಡಿ ಗೆಲ್ಲಿಸಿದ. ನಮ್ಮ ಮನೆಯಲ್ಲಿ ಆಗಲೇ ಆಸ್ಪತ್ರೆ ಓಡಾಟ ಶುರುವಾಗಿತ್ತು. ವಾರದಲ್ಲಿ ಮಗ ನಕ್ಕಿದ್ದು ಶನಿವಾರ ಮಾತ್ರ.

ನವೆಂಬರ್ 9. ಮಿಷಿಗನ್ ವಿರುದ್ಧ ಮ್ಯಾಚ್, ಮಧ್ಯಾಹ್ನ ಮೂರೂವರೆಗೆ. ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ತಂಡ ಅದು. ಗೆದ್ದರೆ ಹತ್ತಕ್ಕೆ ಹತ್ತು. ತಾತ 45 ವರ್ಷ ಕಾದಿದ್ದು ಇಂಥ ಒಂದು ದಿನಕ್ಕೆ. ಅವತ್ತು ಬೆಳಿಗ್ಗೆಯೇ ನಾನು ಇವರನ್ನು ಎಮರ್ಜೆನ್ಸಿಗೆ ಸೇರಿಸಿದ್ದೆ. ಎರಡು ಗಂಟೆ ಹೊತ್ತಿಗೆ ತಾತ ಕೆಂಪು ಜಾಕೆಟ್ ಹಾಕಿಕೊಂಡು, ಸ್ಟೇಡಿಯಂಗೆ ಒಯ್ಯುವ ಕುಶನ್ ಕಂಕುಳಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಬಂದರು. ಮಗನನ್ನು ಮ್ಯಾಚ್‌ಗೆ ಕರೆದುಕೊಂಡು ಹೋಗಲು ಬಂದಿದ್ದಾರೆ ಅಂದುಕೊಂಡೆ. ಅವರು ನನ್ನ ಮುಖ ನೋಡಿದರು. ಜೇಬಿನಿಂದ ಫೋನ್ ತೆಗೆದು ಎರಡೂ ಟಿಕೆಟನ್ನು, ಅಡುಗೆ ತಂದುಕೊಟ್ಟು ಹೊರಟಿದ್ದ ನಮ್ಮ ಗೆಳೆಯರೊಬ್ಬರಿಗೆ ಕಳಿಸಿ, "ಹುಡುಗನನ್ನು ನೀವು ಕರ್ಕೊಂಡು ಹೋಗಿ" ಅಂದರು. ನಾನು ಬೇಡ ಬೇಡ ಅಂದೆ. ಅವರು ಉತ್ತರ ಕೊಡಲಿಲ್ಲ. ಆ ಕುಶನ್ ನನ್ನ ಕುರ್ಚಿ ಮೇಲೆ ಹಾಕಿದರು. ಬಣ್ಣ ಮಾಸಿದ ಕೆಂಪು ಕುಶನ್, ಒಂದು ಮೂಲೆಗೆ ಟೇಪ್ ಸುತ್ತಿದೆ.

ಮ್ಯಾಚ್ ಅವರ ಫೋನಿನಲ್ಲಿ ಓಡುತ್ತಿತ್ತು, ಸೌಂಡ್ ಇಲ್ಲದೆ. ಸುಮ್ನೆ ಕೂತರೆ ನನಗೆ ಉಸಿರು ಕಟ್ಟುತ್ತಿತ್ತು. "ಏನಾದ್ರೂ ಹೇಳ್ತಾ ಇರಿ" ಅಂದೆ. ಕಾಫಿ ಮೆಷಿನ್ ಪಕ್ಕದಿಂದ ಸಕ್ಕರೆ ಪೊಟ್ಟಣ ತಂದು ಟೇಬಲ್ ಮೇಲೆ ಹನ್ನೊಂದು ಈ ಕಡೆ, ಹನ್ನೊಂದು ಆ ಕಡೆ ಜೋಡಿಸಿದರು. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗ ಮತ್ತೆ ನಾಲ್ಕು ಸಲ ಸಿಗುತ್ತೆ ಅಂತ ಒಂದೊಂದೇ ಪೊಟ್ಟಣ ಸರಿಸಿ ತೋರಿಸಿದರು. ಒಂದು ಪ್ಲೇ ಅಂದರೆ ಐದಾರು ಸೆಕೆಂಡು, ಈ ಕೋಚ್ ಹುಡುಗರಿಗೆ ಆ ಒಂದನ್ನೇ ನೋಡಿ ಅಂತ ಹೇಳ್ತಾರೆ, ಸ್ಕೋರ್ ಕಡೆ ಕಣ್ಣು ಹಾಕೋಕೆ ಬಿಡಲ್ಲ ಅಂದರು. ಮೈದಾನಕ್ಕೆ ಇಳಿಯುವಾಗ ಆಟಗಾರರು ಮುಟ್ಟಿ ಹೋಗುವ ಸುಣ್ಣಕಲ್ಲಿನ ಬಂಡೆಯ ಕಥೆ ಶುರು ಮಾಡಿದರು. ಅದನ್ನು ಇರಿಸಿದ ಕೋಚ್ ಟೆರಿ ಹೆಪ್ನರ್ ಬಗ್ಗೆ ಹೇಳುತ್ತಾ ಹೇಳುತ್ತಾ, ಅರ್ಧದಲ್ಲೇ ನಿಲ್ಲಿಸಿ, ನೀರು ಬೇಕಾ ಅಂತ ಕೇಳಿದರು. ಯಾಕೆ ನಿಲ್ಲಿಸಿದರು ಅಂತ ಎಷ್ಟೋ ದಿನ ಆದ ಮೇಲೆ ಗೊತ್ತಾಯಿತು. ಹೆಪ್ನರ್ 2007ರಲ್ಲಿ, ಕೋಚ್ ಆಗಿದ್ದಾಗಲೇ, ಮಿದುಳಿನ ಗೆಡ್ಡೆಯಿಂದ ತೀರಿಕೊಂಡವರು.

ಅರ್ಧ ಆಟಕ್ಕೆ 17-3 ಇತ್ತು. ಆಮೇಲೆ ಮಿಷಿಗನ್ ಹತ್ತಿರ ಬಂತು, 17-15. ಅಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ಕಾಣಿಸಿದರು. ತಾತ ಫೋನನ್ನು ಮಗುಚಿ ಇಟ್ಟು ಎದ್ದು ನಿಂತರು. ಮತ್ತೆ ಅದನ್ನು ಎತ್ತಲಿಲ್ಲ. ಏಳು ಗಂಟೆ ಸುಮಾರಿಗೆ ಮಗನೇ ಫೋನ್ ಮಾಡಿದ. "ಅಮ್ಮಾ, ಗೆದ್ವಿ! 20-15!" ಹಿಂದೆ ಸಾವಿರಾರು ಜನ ಕೂಗುತ್ತಿದ್ದರು. ಒಂದು ಕ್ಷಣ ಬಿಟ್ಟು ಸಣ್ಣ ದನಿಯಲ್ಲಿ "ಅಪ್ಪ?" ಅಂದ. ನನಗೆ ಬಾಯಿ ಬರಲಿಲ್ಲ. ತಾತ ಫೋನ್ ತೆಗೆದುಕೊಂಡು, "ಡಾಕ್ಟರು ನಿಮ್ಮಪ್ಪನ ಹತ್ತಿರಾನೇ ಇದ್ದಾರೆ. ನೀನು ಏನೇನು ನೋಡಿದೆ, ಮೊದಲಿಂದ ಹೇಳು" ಅಂದರು. ಅವನು ಹೇಳುತ್ತಾ ಹೋದ, ತಾತ ಹೂಂ ಹೂಂ ಅನ್ನುತ್ತಾ ಕೇಳಿದರು. ತಮ್ಮ ತಂಡದ ಹತ್ತನೇ ಗೆಲುವನ್ನು ಅವರು ಕಂಡಿದ್ದು ಹಾಗೆ.

ರಾತ್ರಿ ಎರಡು ಗಂಟೆಯ ಬಗ್ಗೆ ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಆ ಹೊತ್ತಿನಲ್ಲಿ ನಾನು ದೇವರನ್ನು ನೆನೆಯಲಿಲ್ಲ. ಇವರಿಲ್ಲದೆ ಈ ದೇಶದಲ್ಲಿ ನಾನೇನು ಮಾಡಲಿ, ಮಗನಿಗೆ ಏನು ಹೇಳಲಿ ಅಂತ ಲೆಕ್ಕ ಹಾಕುತ್ತಿದ್ದೆ. ಜೀವ ಇನ್ನೂ ಒಳಗಿರುವಾಗಲೇ ಹಾಗೆ ಯೋಚಿಸಿದೆನಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತದೆ. ಅದನ್ನು ಬಾಯಿಬಿಟ್ಟು ತಾತನಿಗೆ ಹೇಳಿದೆ ಕೂಡ. ಎಲ್ಲ ಸರಿಹೋಗುತ್ತೆ ಅಂತ ಅವರು ಅನ್ನಲಿಲ್ಲ. "ನಾನೂ ಹಾಕಿದ್ದೆ ಆ ಲೆಕ್ಕಾನ" ಅಂದರು. ಅಷ್ಟೇ. ಬೆಳಗಾಗುವವರೆಗೂ ಜಾಕೆಟ್ ಬಿಚ್ಚದೆ, ಕಣ್ಣು ಮುಚ್ಚದೆ ಪಕ್ಕದಲ್ಲೇ ಕೂತಿದ್ದರು. ನಾನು ಯಾವಾಗಲೋ ಕುಶನ್ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದೆ. ಎಬ್ಬಿಸಿದ್ದೂ ಅವರೇ. ಕಣ್ಣು ಬಿಟ್ಟಾಗ ಬಾಗಿಲಲ್ಲಿ ನರ್ಸ್ ನಗುತ್ತಾ ನಿಂತಿದ್ದಳು.

ಇನ್ನೊಂದು ಮಾತು. ರೂರ್ಕ್ ಆಗಸ್ಟ್‌ನಿಂದ ಇಡೀ ಸೀಸನ್ ಹರಿದ ಮೊಣಕಾಲಿನ ಲಿಗಮೆಂಟ್ ಇಟ್ಟುಕೊಂಡೇ ಆಡಿದ್ದ ಅಂತ ಸೀಸನ್ ಮುಗಿದ ಮೇಲೆ ಸುದ್ದಿ ಬಂತು. ಊರೆಲ್ಲ ಹೊಗಳಿತು. ನನಗೆ ಮಾತ್ರ ಸಿಟ್ಟು ಬಂತು. ನಮ್ಮನೆಯವರೂ ಆಗಸ್ಟ್‌ನಿಂದಲೇ ನೋವು ಮುಚ್ಚಿಟ್ಟುಕೊಂಡಿದ್ದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅದನ್ನೇ ತೆಗೆದು ಅಳುತ್ತಾ ಜಗಳವಾಡಿದೆ. ಇನ್ನು ಮುಂದೆ ಸಣ್ಣ ನೋವಾದರೂ ಹೇಳುತ್ತೇನೆ ಅಂತ ಮಗನ ಎದುರು ಮಾತು ಕೊಟ್ಟಿದ್ದಾರೆ. ಆ ಹುಡುಗನ ಆಟ ನಮಗೆ ಎಷ್ಟು ಶನಿವಾರ ಧೈರ್ಯ ಕೊಟ್ಟಿತು ಅನ್ನೋದನ್ನು ಮರೆತಿಲ್ಲ. ಅವನ ಕಾಲು ಬೇಗ ಗುಣವಾಗಲಿ.

ತಂಡ ಒಹಾಯೊ ಸ್ಟೇಟ್ ಎದುರು 38-15ರಿಂದ ಸೋತಿತು. ಅದರ ಮುಂದಿನ ವಾರ, ನವೆಂಬರ್ 30ಕ್ಕೆ, ಪರ್ಡ್ಯೂ ವಿರುದ್ಧ 66-0 ಗೆಲುವು. ಇವರು ಮನೆಗೆ ಬಂದು ಮೂರೇ ದಿನ ಆಗಿತ್ತು. ಆ ಮ್ಯಾಚ್ ಗೆದ್ದವರಿಗೆ ಸಿಗೋದು ಓಕ್ ಮರದ ಒಂದು ಹಳೇ ಬಕೆಟ್. 1925ರಿಂದ ಎರಡು ಕಾಲೇಜುಗಳು ಅದಕ್ಕಾಗಿ ಸೆಣಸುತ್ತಿವೆ. ಟಿವಿಯಲ್ಲಿ ಅದನ್ನು ನೋಡಿ ಇವರು "ನಮ್ಮೂರ ಬಾವಿ ಹತ್ರ ಇಂಥದ್ದೇ ಇತ್ತು" ಅಂತ ನಕ್ಕರು. ಎಷ್ಟೋ ವಾರದ ಮೇಲೆ ಕೇಳಿದ ನಗು. ಡಿಸೆಂಬರ್ 20ಕ್ಕೆ ಸೌತ್ ಬೆಂಡ್‌ನಲ್ಲಿ ನೋಟ್ರ್ ಡೇಮ್ ಎದುರು ಕೊನೆಯ ಮ್ಯಾಚ್. ತಾತ ನಮ್ಮ ಸೋಫಾದಲ್ಲೇ ಕೂತು ನೋಡಿದರು. ನಮ್ಮವರು 27-3ರಿಂದ ಹಿಂದೆ ಬಿದ್ದಾಗ ಮಗ ಎದ್ದು ಹೋಗಲು ನೋಡಿದ. "ಕೂತ್ಕೋ, ಇನ್ನೂ ಆಡ್ತಾ ಇದ್ದಾರೆ" ಅಂದರು ತಾತ. ಕೊನೆಯ ಎರಡು ನಿಮಿಷದಲ್ಲಿ ನಮ್ಮವರಿಗೆ ಎರಡು ಟಚ್‌ಡೌನ್ ಬಂತು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರು. 27-17ಕ್ಕೆ ಸೋತೆವು. ಸೀಸನ್ ಲೆಕ್ಕ ಹನ್ನೊಂದು ಗೆಲುವು, ಎರಡು ಸೋಲು. ಕೋಚ್ ಸಿಗ್ನೆಟ್ಟಿ ಅವರಿಗೆ, ಆ ಹುಡುಗರಿಗೆ ನಮ್ಮ ಮನೆ ಗೊತ್ತಿಲ್ಲ. ಆದರೂ ಥ್ಯಾಂಕ್ಸ್ ಹೇಳಲೇಬೇಕು. ಆ ಮೂರು ತಿಂಗಳು ನಮ್ಮ ಮನೆಗೆ ಶನಿವಾರ ಅಂತ ಒಂದು ದಿನ ಇದ್ದಿದ್ದೇ ನಿಮ್ಮಿಂದ.

ತಾತ, ಇದನ್ನು ನಿಮಗೆ ಮಗ ಓದಿ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಬಾಯಿಬಿಟ್ಟು ಹೇಳಲು ಹೋದಾಗಲೆಲ್ಲ ನೀವು ಮಾತು ಬದಲಾಯಿಸಿದಿರಿ, ಅದಕ್ಕೇ ಎಲ್ಲರ ಎದುರು ಬರೆದಿದ್ದೇನೆ. ಕುಶನ್ ಇನ್ನೂ ನಮ್ಮ ಮನೆಯಲ್ಲೇ ಇದೆ. ಟೇಪ್ ತೆಗೆದು ಮೂಲೆ ಹೊಲಿದಿದ್ದೇನೆ.

ಮುಂದಿನ ಸೀಸನ್ 2025ರ ಆಗಸ್ಟ್ 30ಕ್ಕೆ ಶುರು. ತಾತ ಪಕ್ಕದಲ್ಲೇ ಇನ್ನೊಂದು ಸೀಟು ಕೇಳಿದ್ದಾರೆ, ಇವರಿಗೆ. ಅವರ ಸೀಟು ಮೇಲೆ ಎಲ್ಲೋ ಇದೆ, ತುಂಬಾ ಹತ್ತಬೇಕು. ನಮ್ಮ ಮನೆಯಲ್ಲಿ ಹದಿಮೂರು ಮೆಟ್ಟಿಲು. ದಿನಾ ಸಂಜೆ ಇವರು ಹತ್ತುತ್ತಾರೆ, ಮಗ ಕೆಳಗೆ ನಿಂತು ಎಣಿಸುತ್ತಾನೆ. ನಿನ್ನೆ ಎಲ್ಲೂ ನಿಲ್ಲದೆ ಹದಿಮೂರೂ ಹತ್ತಿದರು.